ಪಿಕಪ್‌ಗೆ ಇನ್ವರ್ಟರ್: ಕೇಬಲ್ ದಪ್ಪ ಇರಲಿ, ಫ್ಯೂಸ್ ಹತ್ತಿರ ಇರಲಿ

ಡ್ರಿಲ್ಲಿಂಗ್ ಮಷೀನ್ ಇದೆ, ಕೆಲಸ ಇದೆ, ಕರೆಂಟ್ ಮಾತ್ರ ಇಲ್ಲ. ಪಿಕಪ್ ಇಟ್ಟುಕೊಂಡವರಿಗೆ ಈ ಪಾಡು ಹೊಸದಲ್ಲ. ಬ್ಯಾಟರಿಯ 12 ವೋಲ್ಟನ್ನು 230 ವೋಲ್ಟ್ ಮಾಡಿಕೊಡುವ ಇನ್ವರ್ಟರ್ ಇದ್ದರೆ ಸಮಸ್ಯೆ ಮುಗಿಯಿತು. ಆ ಪೆಟ್ಟಿಗೆಯನ್ನು ಕೂರಿಸುವುದು ಅರ್ಧ ಗಂಟೆಯ ಕೆಲಸ. ದಿನ ಹೋಗುವುದು ಕೇಬಲ್ ಎಳೆಯುವುದರಲ್ಲಿ.

ಮೊದಲು ಲೆಕ್ಕ. ಯಂತ್ರದ ಮೇಲೆ ವ್ಯಾಟ್ ಎಷ್ಟೆಂದು ಬರೆದಿರುತ್ತದೆ. ಒಟ್ಟಿಗೆ ಓಡಿಸುವವುಗಳನ್ನು ಮಾತ್ರ ಕೂಡಿ. ಮೋಟರ್ ಇರುವ ಯಂತ್ರ ಶುರುವಾಗುವಾಗ ಎರಡು ಮೂರು ಪಟ್ಟು ಜಾಸ್ತಿ ಎಳೆಯುತ್ತದೆ, ಅದಕ್ಕೂ ಜಾಗ ಇರಲಿ. ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಿ. ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವ ಮಾಡಿಫೈಡ್ ಸೈನ್ ವೇವ್‌ನಲ್ಲಿ ಮೋಟರ್ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಹಾಗೆಯೇ ಬ್ಯಾಟರಿ ಎಷ್ಟು ವೋಲ್ಟಿನದೆಂದು ನೋಡಿಕೊಳ್ಳಿ. ದೊಡ್ಡ ಗಾಡಿಗಳಲ್ಲಿ 24 ವೋಲ್ಟ್ ಇರುವುದುಂಟು.

ಸಿಗರೇಟ್ ಲೈಟರ್ ಸಾಕೆಟ್ಟಿಗೇ ಚುಚ್ಚಿದರೆ ಆಗಲ್ವಾ? ಲ್ಯಾಪ್‌ಟಾಪ್ ಚಾರ್ಜ್ ಮಾಡಲು ಆದೀತು. ಅದರ ಫ್ಯೂಸ್ ಸಾಮಾನ್ಯವಾಗಿ 10ರಿಂದ 20 ಆಂಪಿಯರ್ ಅಷ್ಟೇ. 150 ವ್ಯಾಟ್ ದಾಟಬೇಕಾದರೆ ನೇರ ಬ್ಯಾಟರಿಯಿಂದಲೇ ತರಬೇಕು.

ಈಗ ಕೇಬಲ್. 1000 ವ್ಯಾಟ್ ಕೊಡುವಾಗ ಇನ್ವರ್ಟರ್ ಬ್ಯಾಟರಿಯಿಂದ ಸುಮಾರು 100 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ 3 ಮೀಟರ್ ದೂರದಲ್ಲಿ ಇನ್ವರ್ಟರ್ ಇದೆ ಎನ್ನಿ. ಹೋಗಿಬರುವ ದಾರಿ 6 ಮೀಟರ್. 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿದರೆ ದಾರಿಯಲ್ಲಿ ಸುಮಾರು 0.3 ವೋಲ್ಟ್ ಕಳೆಯುತ್ತದೆ. 16 ಹಾಕಿದರೆ 0.65. ಆಗ ಬ್ಯಾಟರಿ ತುಂಬಿದ್ದರೂ ಡ್ರಿಲ್ ಒತ್ತಿದೊಡನೆ ಇನ್ವರ್ಟರ್ ಬೀಪ್ ಎಂದು ಅಳಲು ಶುರುಮಾಡಬಹುದು. ಜನ ಬ್ಯಾಟರಿಯನ್ನು ಬೈಯುತ್ತಾರೆ, ತಪ್ಪು ತಂತಿಯದು. ಕೇಬಲ್ ತುದಿಗೆ ಹಾಕುವ ಲೋಹದ ಲಗ್ಗುಗಳನ್ನು ಸರಿಯಾದ ಕ್ರಿಂಪಿಂಗ್ ಟೂಲಿನಿಂದಲೇ ಒತ್ತಿಸಿ. ಸುತ್ತಿಗೆಯಿಂದ ಚಪ್ಪಟೆ ಮಾಡಿದ ಲಗ್ಗು ಸಡಿಲವಾಗಿ ಬಿಸಿಯಾಗುತ್ತದೆ.

ಫ್ಯೂಸ್ ಪ್ಲಸ್ ಕೇಬಲ್ಲಿನಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಅದು ಇರುವುದು ಕೇಬಲ್ಲನ್ನು ಕಾಪಾಡಲು. ಇನ್ವರ್ಟರ್ ಪಕ್ಕದಲ್ಲಿ ಹಾಕಿ, ನಡುವೆ ಎಲ್ಲೋ ತಂತಿ ಉಜ್ಜಿ ಗಾಡಿಯ ತಗಡಿಗೆ ತಗುಲಿತು ಎನ್ನಿ. ಫ್ಯೂಸ್ ಸುಮ್ನೆ ಕೂತಿರುತ್ತದೆ, ಕೇಬಲ್ ಉರಿಯುತ್ತದೆ. 100 ಆಂಪಿಯರಿಗೆ 125ರ ಫ್ಯೂಸ್ ಸರಿ.

ಪೆಟ್ಟಿಗೆಗೆ ಸೀಟಿನ ಹಿಂದಿನ ಒಣಗಿದ ಜಾಗ ಒಳ್ಳೆಯದು. ಇಂಜಿನ್ ಪಕ್ಕ ಬೇಡ, ಬಿಸಿ. ತೆರೆದ ತೊಟ್ಟಿಯಲ್ಲೂ ಬೇಡ, ಮಳೆ. ಫ್ಯಾನಿಗೆ ಗಾಳಿಯಾಡಲಿ.

ಕೆಲಸ ಶುರುಮಾಡುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿಡಿ. ಕೇಬಲ್ ತಗಡಿನ ತೂತು ದಾಟುವ ಕಡೆಯೆಲ್ಲ ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ, ಅಂದರೆ ಗ್ರೋಮೆಟ್ ಹಾಕಿ. ಬಿಸಿ ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ. ಮೈನಸ್ ಕೇಬಲ್ಲೂ ಅಷ್ಟೇ ದಪ್ಪ ಇರಲಿ. ಬ್ಯಾಟರಿಯ ಮೈನಸ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಇರುವ ಗಾಡಿಯಾದರೆ ಈ ಕೇಬಲ್ಲನ್ನು ನೇರ ಅದಕ್ಕೆ ಕೊಡಬೇಡಿ. ಗಾಡಿಯ ಕೈಪಿಡಿ ಹೇಳುವ ಅರ್ತಿಂಗ್ ಜಾಗಕ್ಕೆ, ಪೇಂಟ್ ಕೆರೆದು, ಬಿಗಿಯಿರಿ. ಪ್ಲಸ್ ಮೈನಸ್ ಅದಲು ಬದಲಾದರೆ ಇನ್ವರ್ಟರ್ ಹೋಯಿತೆಂದೇ ತಿಳಿಯಿರಿ, ಎರಡು ಸಲ ನೋಡಿ. ಎಲ್ಲದರ ಕೊನೆಗೆ ಇನ್ವರ್ಟರ್ ತುದಿಯ ಮೈನಸ್ ಸಿಕ್ಕಿಸಿ. ಚಟ್ಟನೆ ಕಿಡಿ ಹಾರಬಹುದು. ಅದು ಒಳಗಿನ ಕೆಪಾಸಿಟರ್ ತುಂಬಿಕೊಳ್ಳುವುದು ಅಷ್ಟೇ. ಬ್ಯಾಟರಿಯಿಂದ ಗ್ಯಾಸ್ ಬರುವುದುಂಟು, ಹಾಗಾಗಿ ಆ ಕಿಡಿ ಅಲ್ಲಿಂದ ದೂರವೇ ಇರಲಿ.

ಮೊದಲು ಒಂದು ಬಲ್ಬ್ ಉರಿಸಿ ನೋಡಿ, ಆಮೇಲೆ ಡ್ರಿಲ್. ಹತ್ತು ನಿಮಿಷ ಓಡಿಸಿ ಆಫ್ ಮಾಡಿ ಲಗ್ಗುಗಳನ್ನು ಮುಟ್ಟಿ ನೋಡಿ. ಒಂದು ಮಾತ್ರ ಬಿಸಿಯಿದ್ದರೆ ಆ ಜೋಡಣೆ ಸಡಿಲ.

ಜಾಸ್ತಿ ಹೊತ್ತು ಕೆಲಸ ಇದ್ದರೆ ಇಂಜಿನ್ ಚಾಲೂ ಇರಲಿ, ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಬೇಡ, ಹೊಗೆ ಕೊಲ್ಲುತ್ತದೆ. ಎಷ್ಟೋ ಇನ್ವರ್ಟರ್‌ಗಳು ಬ್ಯಾಟರಿ 10.5 ವೋಲ್ಟಿಗೆ ಇಳಿದಾಗ ತಾವೇ ಆಫ್ ಆಗುತ್ತವೆ. ಅದನ್ನು ನಂಬಿ ಕೂರಬೇಡಿ. ಅಷ್ಟು ಹೊತ್ತಿಗೆ ಸ್ಟಾರ್ಟರ್ ತಿರುಗಿಸುವ ಕಸುವು ಬ್ಯಾಟರಿಯಲ್ಲಿ ಉಳಿದಿರುವುದು ಕಷ್ಟ.