ಹಿರಿಯರು ಬೀಳದಂತೆ ತಡೆಯಲು ವೈದ್ಯರು ಮಾಡಬೇಕಾದ ತಪಾಸಣೆ

65 ದಾಟಿದವರು ಯಾವ ಕಾಯಿಲೆಗೆ ಬಂದಿದ್ದರೂ, ಕಳೆದೊಂದು ವರ್ಷದಲ್ಲಿ ಬಿದ್ದಿದ್ದೀರಾ, ನಡೆಯುವಾಗ ಆಯ ತಪ್ಪುತ್ತದೆಯೇ, ಬೀಳುವ ಭಯವಿದೆಯೇ ಎಂದು ವೈದ್ಯರೇ ಮೊದಲು ಕೇಳಬೇಕು. ಬಿದ್ದದ್ದನ್ನು ಮಕ್ಕಳೆದುರು ಹೇಳಿಕೊಳ್ಳಲು ಅನೇಕರು ಹಿಂಜರಿಯುತ್ತಾರೆ. ಒಂದಕ್ಕಾದರೂ ಹೌದೆಂದರೆ, ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಬೇಕು. ಅದಕ್ಕೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಅಪಾಯವಿದೆಯೆಂದು ತಿಳಿಯಬೇಕು. 5 ನಿಮಿಷ ಮಲಗಿಸಿ ಒಮ್ಮೆ, ಬಳಿಕ ನಿಲ್ಲಿಸಿ ಮತ್ತೊಮ್ಮೆ ರಕ್ತದೊತ್ತಡ ಅಳೆದಾಗ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ, ಎದ್ದ ಕೂಡಲೇ ತಲೆಸುತ್ತಿ ಬೀಳುವ ಸಂಭವವಿರುತ್ತದೆ. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ಔಷಧಿಗಳ ಪರಿಶೀಲನೆ: ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತರಿಸಿ, ಬೀಳುವ ಅಪಾಯ ಹೆಚ್ಚಿಸುವಂಥವು ಇವೆಯೇ ಎಂದು ನೋಡಬೇಕು; ನಿದ್ರೆಯ ಮಾತ್ರೆ ದಿನವೂ ನುಂಗುವವರಿಗೆ ಅದನ್ನು ಥಟ್ಟನೆ ನಿಲ್ಲಿಸದೆ ಹಂತಹಂತವಾಗಿ ಇಳಿಸಬೇಕು. ಕಣ್ಣು, ಪಾದ, ಚಪ್ಪಲಿಗಳನ್ನೂ ಪರೀಕ್ಷಿಸಿ, ಬಚ್ಚಲುಮನೆಯ ಗೋಡೆಗೆ ಹಿಡಿಕೆ ಹಾಕಿಸುವಂತೆ ಮನೆಯವರಿಗೆ ತಿಳಿಸಬೇಕು.