ದುಡ್ಡು ಅಲಗಿಗೆ ಹಾಕಿ, ಹಿಡಿಯಲ್ಲಿ ಉಳಿಸಿ: ಮಡಚುವ ಚಾಕು ಆರಿಸುವುದು ಹೇಗೆ?

ಒಳ್ಳೆಯ ಮಡಚುವ ಚಾಕು ಬೇಕು, ಆದರೆ ಒಂದು ಚಾಕುವಿಗೆ ತಿಂಗಳ ಬಾಡಿಗೆಯಷ್ಟು ಸುರಿಯಲು ಮನಸ್ಸಿಲ್ಲ ಅನ್ನುವವರಿಗೆ ಒಂದು ದಾರಿ ಇದೆ. ಅಲಗಿನ ಸ್ಟೀಲ್ ಮೇಲ್ದರ್ಜೆಯದೇ ಇರಲಿ, ಹಿಡಿ ಮಾತ್ರ ಅಗ್ಗದ್ದು ನೋಡಿ. ಕತ್ತರಿಸುವುದು ಅಲಗು. ಟೈಟಾನಿಯಂ ಹಿಡಿ ಇದೆ ಅಂತ ರಟ್ಟಿನ ಡಬ್ಬ ಬೇಗ ಹರಿದುಕೊಳ್ಳುವುದಿಲ್ಲ, ಅಲ್ವಾ?

ಇದು ಹೊಸ ಲೆಕ್ಕಾಚಾರವೇನೂ ಅಲ್ಲ. ಅಮೆರಿಕದ ಕೊಲೊರಾಡೊ ರಾಜ್ಯದ ಗೋಲ್ಡನ್ ಊರಿನ ಸ್ಪೈಡರ್ಕೊ ಕಂಪನಿ 1990ರಲ್ಲೇ ಎಂಡ್ಯೂರಾ, ಡೆಲಿಕಾ ಅನ್ನುವ ಚಾಕುಗಳನ್ನು ಪ್ಲಾಸ್ಟಿಕ್ ಹಿಡಿಯಲ್ಲಿ ತಂದಿತು. ಅದೇ ಕಂಪನಿಯ ನೇಟಿವ್ 5 ಚಾಕು ನೋಡಿ. ಅದು ಕಾರ್ಬನ್ ಫೈಬರ್, ಟೈಟಾನಿಯಂ, ಜಿ10 ಹಿಡಿಗಳಲ್ಲೂ ಬಂದಿದೆ, ನೈಲಾನ್ ಹಿಡಿಯಲ್ಲೂ ಬಂದಿದೆ. ಮಜಾ ಏನೆಂದರೆ ಮ್ಯಾಕ್ಸಮೆಟ್, ಮ್ಯಾಗ್ನಾಕಟ್‌ನಂಥ ಭಾರಿ ಸ್ಟೀಲ್‌ಗಳು ಈ ನೈಲಾನ್ ಹಿಡಿಯ ಚಾಕುವಿಗೇ ಸಿಕ್ಕಿವೆ. ಈ ಕಂಪನಿಯ ಚಾಕುಗಳಲ್ಲಿ ಹಿಡಿಯ ಬಣ್ಣ ನೋಡಿಯೇ ಅಲಗಿನ ಸ್ಟೀಲ್ ಊಹಿಸಬಹುದು: ಕಡು ಬೂದು ಇದ್ದರೆ ಸಾಮಾನ್ಯವಾಗಿ ಮ್ಯಾಕ್ಸಮೆಟ್, ನೀಲಿ ಇದ್ದರೆ ಕೆ390.

ಹಿಡಿ ಅಗ್ಗ ಯಾಕೆ?

ಇದು ಮೊದಲು ಗೊತ್ತಿರಬೇಕು. ಇಲ್ಲದಿದ್ದರೆ ಅಗ್ಗ ಅಂದರೆ ಕಳಪೆ ಅನ್ನುವ ಅನುಮಾನ ಹೋಗುವುದಿಲ್ಲ. ಗಾಜಿನ ಎಳೆ ಬೆರೆಸಿದ ನೈಲಾನ್ ಕಾಳುಗಳನ್ನು ಕರಗಿಸಿ, ಒತ್ತಡದಲ್ಲಿ ಅಚ್ಚಿನೊಳಗೆ ತಳ್ಳುತ್ತಾರೆ. ಅಚ್ಚು ಮಾಡಿಸಲು ದೊಡ್ಡ ಖರ್ಚು. ಒಮ್ಮೆ ಅಚ್ಚು ತಯಾರಾಯಿತೋ, ಆಮೇಲೆ ಒಂದೊಂದು ಹಿಡಿಗೂ ಚಿಲ್ಲರೆ ಖರ್ಚು, ಅದೂ ಕೈ ಜಾರದ ಹಾಗೆ ಬೇಕಾದ ಗೆರೆ, ಉಬ್ಬು ಎಲ್ಲವೂ ಆ ಅಚ್ಚಿನಲ್ಲೇ ಮೂಡಿ ಬರುತ್ತವೆ. ಜಿ10 ಹಾಗಲ್ಲ. ಗಾಜಿನ ಬಟ್ಟೆಯ ಪದರಗಳನ್ನು ಎಪಾಕ್ಸಿ ಅಂಟಿನಲ್ಲಿ ಒತ್ತಿ ಹಾಳೆ ಮಾಡಿ, ಆ ಹಾಳೆಯಿಂದ ಒಂದೊಂದೇ ಹಿಡಿಯನ್ನು ಮಷೀನ್‌ನಲ್ಲಿ ಕೊರೆಯಬೇಕು. ಟೈಟಾನಿಯಂ ಕೊರೆಯುವುದು ಇನ್ನೂ ನಿಧಾನ, ಕೊರೆಯುವ ಬಿಟ್‌ಗಳೂ ಬೇಗ ಸವೆಯುತ್ತವೆ. ಅಂದರೆ ನೀವು ಉಳಿಸುತ್ತಿರುವುದು ಹೆಚ್ಚಾಗಿ ಮಷೀನಿನ ಸಮಯದ ದುಡ್ಡು.

ನೈಲಾನ್‌ಗೆ ತುಕ್ಕಿಲ್ಲ, ತೂಕವಿಲ್ಲ, ಬಿಸಿಲಲ್ಲಿ ಅಲ್ಯೂಮಿನಿಯಂ ಸುಡುವ ಹಾಗೆ ಸುಡುವುದೂ ಇಲ್ಲ. ಕೈಗೆ ಆಟಿಕೆ ಹಿಡಿದ ಹಾಗೆ ಅನ್ನಿಸುತ್ತದೆ, ಅದು ನಿಜ. ಅದನ್ನು ಸಹಿಸಿಕೊಳ್ಳಬೇಕು.

ಮೊದಲು ನಿಮ್ಮ ಕೆಲಸ ಯಾವುದು ನೋಡಿ

ಸ್ಟೀಲ್ ಹೆಸರು ನೋಡುವ ಮೊದಲು ಚಾಕು ಏನು ಕತ್ತರಿಸುತ್ತದೆ ಅಂತ ಯೋಚಿಸಿ. ಎಲ್ಲದರಲ್ಲೂ ಮೇಲು ಅನ್ನುವ ಸ್ಟೀಲ್ ಇಲ್ಲ. ಹರಿತ ಉಳಿಯುವುದು, ಚಕ್ಕೆ ಏಳದಿರುವುದು, ತುಕ್ಕು ಹಿಡಿಯದಿರುವುದು ಈ ಮೂರರಲ್ಲಿ ಒಂದನ್ನು ಎಳೆದರೆ ಇನ್ನೊಂದು ಸಡಿಲವಾಗುತ್ತದೆ.

ದಿನವಿಡೀ ರಟ್ಟಿನ ಪೆಟ್ಟಿಗೆ, ಹಗ್ಗ, ಪ್ಲಾಸ್ಟಿಕ್ ಪಟ್ಟಿ ಕೊಯ್ಯುವ ಕೆಲಸವಾದರೆ ಹರಿತ ಉಳಿಯುವ ಸ್ಟೀಲ್ ಬೇಕು. ಆಸ್ಟ್ರಿಯಾದ ಬೋಲರ್ ಕಂಪನಿಯ ಎಂ390 ಇದಕ್ಕೆ ಹೆಸರುವಾಸಿ. ಅದರಲ್ಲಿ ಶೇ 1.9 ಇಂಗಾಲ, ಶೇ 20 ಕ್ರೋಮಿಯಂ, ಶೇ 4 ವನೇಡಿಯಂ ಇದೆ. ಅಮೆರಿಕದ ಎಸ್30ವಿ ಸ್ವಲ್ಪ ಹಳೆಯದು, 2001ರ ಹೊತ್ತಿಗೆ ಬಂದದ್ದು, ಇವತ್ತಿಗೂ ಸಾಕಷ್ಟು ಒಳ್ಳೆಯದು. ಈ ಸ್ಟೀಲ್‌ಗಳು ಪುಡಿಯಿಂದ ತಯಾರಾಗುತ್ತವೆ. ಕರಗಿದ ಸ್ಟೀಲನ್ನು ಸಾರಜನಕದಂಥ ಅನಿಲದ ರಭಸಕ್ಕೆ ಹನಿಹನಿಯಾಗಿ ಒಡೆದು, ಗಟ್ಟಿಯಾದ ಪುಡಿಯನ್ನು ಬಿಸಿ ಮತ್ತು ಒತ್ತಡದಲ್ಲಿ ಮತ್ತೆ ಒಂದು ಮಾಡುತ್ತಾರೆ. ಇದರಿಂದ ಒಳಗಿನ ಕಾರ್ಬೈಡ್ ಅನ್ನುವ ಗಡಸು ಕಣಗಳು ದಪ್ಪ ರವೆ ಇದ್ದದ್ದು ಚಿರೋಟಿ ರವೆ ಆದ ಹಾಗೆ ಸಣ್ಣಗಾಗಿ, ಎಲ್ಲ ಕಡೆ ಒಂದೇ ಸಮ ಹರಡಿಕೊಳ್ಳುತ್ತವೆ. ಅಂಚು ತೆಳ್ಳಗಿದ್ದರೂ ಚಕ್ಕೆ ಏಳುವುದು ಕಡಿಮೆಯಾಗುತ್ತದೆ.

ಮಂಗಳೂರು, ಕಾರವಾರದ ಕಡೆಯವರು, ಮೀನು ಮುಟ್ಟುವವರು, ಕೈ ಜಾಸ್ತಿ ಬೆವರುವವರು ಮೊದಲು ತುಕ್ಕಿನ ಬಗ್ಗೆ ಯೋಚಿಸಬೇಕು. ಎಲ್‌ಸಿ200ಎನ್ ಅನ್ನುವ ಸಾರಜನಕ ಬೆರೆತ ಸ್ಟೀಲ್ ಉಪ್ಪುನೀರಿಗೂ ಜಗ್ಗುವುದಿಲ್ಲ, ಆದರೆ ಹರಿತ ಉಳಿಸುವುದರಲ್ಲಿ ಎಂ390ರಷ್ಟು ಬರುವುದಿಲ್ಲ. ಎರಡೂ ಸಾಕಷ್ಟು ಬೇಕು ಅಂದರೆ ಮ್ಯಾಗ್ನಾಕಟ್. ಲ್ಯಾರಿನ್ ಥಾಮಸ್ ಅನ್ನುವ ಲೋಹತಜ್ಞ ಚಾಕುವಿಗೆಂದೇ ರೂಪಿಸಿದ ಈ ಸ್ಟೀಲ್ 2021ರಲ್ಲಿ ಬಂತು. ತುಕ್ಕು ತಡೆಯುವ ಕ್ರೋಮಿಯಂ ಶೇ 11ರ ಆಸುಪಾಸು ಮಾತ್ರ. ಆದರೆ ಅದು ಕಾರ್ಬೈಡ್ ಆಗಿ ಸಿಕ್ಕಿಕೊಳ್ಳದೆ ಸ್ಟೀಲಿನಲ್ಲೇ ಕರಗಿ ಉಳಿಯುವ ಹಾಗೆ ಲೆಕ್ಕ ಹಾಕಿದ್ದಾರೆ. ಹಾಗಾಗಿ ತುಕ್ಕಿಗೂ ತಡೆ, ಅಂಚೂ ಗಟ್ಟಿ. ಒಂದೇ ಚಾಕು ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ.

ಮ್ಯಾಕ್ಸಮೆಟ್, ಕೆ390 ಬಗ್ಗೆ ಆಸೆ ಹುಟ್ಟಬಹುದು. ಇವು ಸ್ಟೇನ್‌ಲೆಸ್ ಅಲ್ಲ. ಮಾವಿನಕಾಯಿ ಹೆಚ್ಚಿ ಒರೆಸದೆ ಇಟ್ಟರೆ ಅಲಗು ಕಪ್ಪಗಾಗುತ್ತದೆ. ಮ್ಯಾಕ್ಸಮೆಟ್ ಅಂತೂ ವಿಪರೀತ ಗಡಸು, ಡಬ್ಬದ ಮುಚ್ಚಳ ಮೀಟಲು ಹೋದರೆ ಅಂಚು ಚಕ್ಕೆ ಏಳುತ್ತದೆ. ಮೀಟುವ ಚಾಳಿ ಇರುವವರು ಸುಮ್ನೆ ಅದರ ತಂಟೆಗೆ ಹೋಗಬೇಡಿ.

ಬಜೆಟ್ ತೀರಾ ಕಮ್ಮಿ ಇದ್ದರೆ? ಒಂಟಾರಿಯೋ ಕಂಪನಿಯ ರ್‍ಯಾಟ್ 1 ಡಿ2 ಸ್ಟೀಲ್‌ನಲ್ಲಿ, ನೈಲಾನ್ ಹಿಡಿಯಲ್ಲಿ ಬಂದ ಹಳೇ ಹುಲಿ. ಡಿ2 ಹರಿತ ಚೆನ್ನಾಗಿ ಉಳಿಸುತ್ತದೆ, ಆದರೆ ಬೆವರಿನ ಕೈಯಲ್ಲಿ ಹಿಡಿದು ಹಾಗೇ ಜೇಬಿಗೆ ಹಾಕಿದರೆ ಚುಕ್ಕೆ ಚುಕ್ಕೆ ತುಕ್ಕು ಬರುತ್ತದೆ.

ಆಮೇಲೆ ಹದ ಕೇಳಿ

ಸ್ಟೀಲ್ ಹೆಸರು ಅರ್ಧ ಕಥೆ ಮಾತ್ರ. ಕಾಯಿಸಿ, ತಣಿಸಿ, ಮತ್ತೆ ಸ್ವಲ್ಪ ಕಾಯಿಸಿ ಹದ ಕೊಡುವುದು ಇನ್ನರ್ಧ. ಗಡಸುತನವನ್ನು ರಾಕ್‌ವೆಲ್ ಸಿ ಅಂಕಿಯಲ್ಲಿ ಹೇಳುತ್ತಾರೆ. ಎಂ390 ಅಂತ ಕೆತ್ತಿ, ಒಳಗೆ 58ರ ಆಸುಪಾಸು ಮೆತ್ತಗೆ ಬಿಟ್ಟರೆ, ಕೊಟ್ಟ ದುಡ್ಡಿನ ಒಂದು ಪಾಲು ವ್ಯರ್ಥ. 60, 61 ಇದ್ದರೆ ಚೆಂದ. ಕಂಪನಿ ಈ ಅಂಕಿ ಹೇಳುತ್ತದೋ ಇಲ್ಲವೋ ನೋಡಿ. ಹೇಳದಿದ್ದರೆ ನನಗಂತೂ ಅನುಮಾನ. ನಂಬಲಾಗದಷ್ಟು ಕಮ್ಮಿ ಬೆಲೆಗೆ ಎಂ390 ಅಂತ ಬರೆದು ಮಾರುವವರೂ ಇದ್ದಾರೆ. ಅಲಗಿನ ಮೇಲೆ ಹೆಸರು ಕೆತ್ತಲು ಲೇಸರ್ ಮಷೀನ್ ಸಾಕು, ಸ್ಟೀಲ್ ಬೇಕಿಲ್ಲ.

ಇನ್ನೊಂದು ಮಾತು. ಅಲಗು ದಪ್ಪಗಿದ್ದರೆ ಎಷ್ಟು ದುಬಾರಿ ಸ್ಟೀಲ್ ಆದರೂ ಸೇಬಿನ ಹಣ್ಣನ್ನು ಕೊಯ್ಯುವ ಬದಲು ಸೀಳುತ್ತದೆ. ಫ್ರಾನ್ಸಿನ ಒಪಿನೆಲ್ 8ನೇ ನಂಬರಿನ ಚಾಕು ಇದಕ್ಕೆ ಸಾಕ್ಷಿ: ಬೀಚ್ ಮರದ ಹಿಡಿ, ಸಾದಾ ಸ್ಟೀಲ್, 1.7 ಮಿಲಿಮೀಟರ್ ದಪ್ಪದ ಅಲಗು. ಅದರ ಮುಂದೆ ಅದರ ಹತ್ತು ಪಟ್ಟು ಬೆಲೆಯ ಚಾಕುಗಳು ತರಕಾರಿ ಹೆಚ್ಚುವುದರಲ್ಲಿ ನಾಚಬೇಕು. ಆದ್ದರಿಂದ ಫೋಟೋದಲ್ಲಿ ಅಲಗಿನ ಮುಖ ನೋಡಿದರೆ ಸಾಲದು, ಬೆನ್ನಿನಿಂದ ಅಂಚಿನವರೆಗೆ ಹೇಗೆ ತೆಳುವಾಗಿದೆ ಅಂತ ನೋಡಿ. ಮರದ ಹಿಡಿಗೆ ಒಂದೇ ತಕರಾರು. ಅದು ನೀರು ಕುಡಿದು ಉಬ್ಬುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಒಪಿನೆಲ್ ಬಿಡಿಸಲು ಉಗುರು ಸಾಲುವುದಿಲ್ಲ. ಫ್ರಾನ್ಸಿನ ಸವೊಯ್ ಕಡೆಯವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ: ಹಿಡಿಯ ತುದಿಯನ್ನು ಮೇಜಿನ ಅಂಚಿಗೆ ಟಕ್ ಅಂತ ಬಡಿದರೆ ಅಲಗು ಸ್ವಲ್ಪ ಹೊರಗೆ ಬರುತ್ತದೆ, ಆಮೇಲೆ ಎರಡು ಬೆರಳಲ್ಲಿ ಹಿಡಿದು ಎಳೆಯುವುದು.

ಕೈಗೆ ಬಂದ ಮೇಲೆ ಏನು ಪರೀಕ್ಷಿಸಬೇಕು

ಹಿಡಿಯಲ್ಲಿ ಉಳಿಸಿ ಅಂದೆ, ಹಿಡಿಯೊಳಗಿನ ಕಬ್ಬಿಣದಲ್ಲಿ ಉಳಿಸಿ ಅನ್ನಲಿಲ್ಲ. ಪಿವಟ್ (ಅಲಗು ತಿರುಗುವ ಕೀಲು) ಮತ್ತು ಲಾಕ್ (ಬಿಚ್ಚಿದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಭಾಗ) ಎರಡೂ ಲೋಹದ್ದೇ ಇರಬೇಕು. ಈಗಿನ ಎಂಡ್ಯೂರಾ, ಡೆಲಿಕಾಗಳಲ್ಲಿ ನೈಲಾನ್ ಒಳಗೆ ತೂತು ಕೊರೆದು ಹಗುರ ಮಾಡಿದ ಸ್ಟೀಲ್ ತಗಡು ಇರುತ್ತದೆ. ನೇಟಿವ್ 5ರ ನೈಲಾನ್ ಚಾಕುವಿನಲ್ಲಿ ತಗಡು ಇಲ್ಲ, ಹಿಡಿಯ ಆಕಾರ ಮತ್ತು ದಪ್ಪದಿಂದಲೇ ಅದು ಗಟ್ಟಿ ನಿಲ್ಲುತ್ತದೆ. ಹಾಗಾಗಿ ತಗಡು ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಕೈಯಲ್ಲಿ ಹಿಡಿದು ನೋಡುವುದು ವಾಸಿ.

ಚಾಕು ಮಡಚಿಟ್ಟು, ಹಿಡಿಯ ಎರಡು ಮಗ್ಗುಲನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಒತ್ತಿ. ಸ್ವಲ್ಪ ಬಾಗಿದರೆ ಪರವಾಗಿಲ್ಲ, ಒಳಗಿನ ಅಲಗಿಗೆ ತಾಗುವಷ್ಟು ಬಾಗಬಾರದು. ಬಿಚ್ಚಿ, ಲಾಕ್ ಬಿದ್ದ ಮೇಲೆ ಅಲಗಿನ ಬೆನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಸ್ಕ್ರೂ ಸ್ವಲ್ಪ ಬಿಗಿ ಮಾಡಿದ ಮೇಲೂ ಲಟಲಟ ಅಂದರೆ ವಾಪಸ್ ಕಳಿಸಿ. ಸ್ಕ್ರೂಗಳು ಲೋಹದ ಥ್ರೆಡ್‌ಗೆ ಕೂರುತ್ತವೋ, ನೇರ ಪ್ಲಾಸ್ಟಿಕ್‌ಗೆ ಕೂರುತ್ತವೋ ನೋಡಿ. ಪ್ಲಾಸ್ಟಿಕ್‌ಗೆ ಕೂತದ್ದು ಬಿಚ್ಚಿ ಹಾಕಿ ಮಾಡಿದರೆ ಬೇಗ ಸಡಿಲವಾಗುತ್ತದೆ.

ಬೆಲೆ ವಿಚಾರದಲ್ಲೂ ಹುಷಾರು. ಬೆಂಚ್‌ಮೇಡ್ ಕಂಪನಿಯ ಬಗೌಟ್ 2017ರಲ್ಲಿ ಬಂತು. ಎಸ್30ವಿ ಅಲಗು, ನೈಲಾನ್ ಜಾತಿಯದೇ ಆದ ಗ್ರಿವರಿ ಹಿಡಿ, ತೂಕ ಬರೀ 52 ಗ್ರಾಂ. ಜೇಬಲ್ಲಿ ಇದೆ ಅಂತಲೇ ಗೊತ್ತಾಗದ ಚೆಂದದ ಚಾಕು. ಆದರೆ ಹಿಡಿ ಅಗ್ಗ ಅಂತ ಚಾಕು ಅಗ್ಗ ಆಗಿಲ್ಲ, ಒತ್ತಿದರೆ ಹಿಡಿ ಬಾಗುತ್ತದೆ ಅನ್ನುವ ದೂರೂ ಮೊದಲಿಂದ ಇದೆ. ಹಗುರ ಬೇಕು ಅನ್ನುವವರಿಗೆ ಅದು ಸರಿ. ಉಳಿತಾಯಕ್ಕೆ ಅಂತ ಹೊರಟವರಿಗೆ ಅಲ್ಲ.

ಭಾರತದಲ್ಲಿ ಇರುವವರು ಕಾನೂನೂ ಒಂದಿಷ್ಟು ತಿಳಿದಿರಲಿ. 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ, ಮನೆ, ಕೃಷಿ, ಕೈಗಾರಿಕೆ ಕೆಲಸಕ್ಕೆಂದೇ ಮಾಡಿದ್ದನ್ನು ಬಿಟ್ಟು. ಜೇಬಿನ ಚಾಕು ಅಷ್ಟು ದೊಡ್ಡದಿರುವುದಿಲ್ಲ. ಆದರೂ ಮೆಟ್ರೋಗೆ ಒಯ್ಯಬೇಡಿ. ಅಮೆರಿಕದಿಂದ ಯಾರಾದರೂ ತಂದುಕೊಡುತ್ತಾರೆ ಅಂದರೆ ಚೆಕ್-ಇನ್ ಬ್ಯಾಗಿನಲ್ಲೇ ಇಡಲು ಹೇಳಿ.

ಮಸೆಯುವುದಕ್ಕೂ ದುಡ್ಡು ತೆಗೆದಿಡಿ

ಇದನ್ನು ಬಹಳ ಜನ ಮರೆಯುತ್ತಾರೆ. ವನೇಡಿಯಂ ಕಾರ್ಬೈಡ್ ಎಷ್ಟು ಗಡಸು ಅಂದರೆ ಮನೆಯಲ್ಲಿರುವ ಅಲ್ಯೂಮಿನಿಯಂ ಆಕ್ಸೈಡ್ ಸಾಣೆಕಲ್ಲಿಗಿಂತಲೂ ಗಡಸು. ಎಂ390ನ್ನು ಆ ಕಲ್ಲಿನ ಮೇಲೆ ಉಜ್ಜುತ್ತಾ ಕೂತರೆ ಕೈ ಸೋಲುತ್ತದೆ, ಅಂಚು ಬೇಗ ಹುಟ್ಟುವುದಿಲ್ಲ. ಹಿಡಿಯಲ್ಲಿ ಉಳಿಸಿದ ದುಡ್ಡಲ್ಲಿ ಒಂದು ಡೈಮಂಡ್ ಪ್ಲೇಟ್ (ವಜ್ರದ ಪುಡಿ ಕೂರಿಸಿದ ಮಸೆಯುವ ತಗಡು) ಕೊಳ್ಳಿ.

ಅಂಚಿನ ಎರಡು ಮುಖಕ್ಕೂ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಬಳಿಯಿರಿ. ಒಂದೆರಡು ಸಲ ಮೆಲ್ಲಗೆ ಎಳೆದು ನೋಡಿ. ಬಣ್ಣ ಮೇಲುಗಡೆ ಮಾತ್ರ ಹೋಗಿದ್ದರೆ ಅಲಗು ಜಾಸ್ತಿ ಮಲಗಿದೆ, ತುದಿಯಲ್ಲಿ ಮಾತ್ರ ಹೋಗಿದ್ದರೆ ಜಾಸ್ತಿ ಎದ್ದಿದೆ. ಪೂರ್ತಿ ಹೋಗುವ ಕೋನ ಸಿಕ್ಕಮೇಲೆ ಅದನ್ನೇ ಹಿಡಿದುಕೊಂಡು ಒಂದು ಮಗ್ಗುಲು ಎಳೆಯುತ್ತಾ ಹೋಗಿ. ಆಗಾಗ ಹೆಬ್ಬೆರಳನ್ನು ಆಚೆ ಮಗ್ಗುಲಿನಲ್ಲಿ ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಸವರಿ. ಒರಟಾದ ಸಣ್ಣ ಎಳೆಯೊಂದು ಬುಡದಿಂದ ಮೊನೆಯವರೆಗೆ ಬೆರಳಿಗೆ ತಾಕಿದರೆ ಆ ಮಗ್ಗುಲು ಆಯಿತು. ಇನ್ನೊಂದು ಮಗ್ಗುಲೂ ಹಾಗೇ ಮಾಡಿ, ಕೊನೆಗೆ ಒತ್ತಡವೇ ಇಲ್ಲದೆ ಆಚೆ ಈಚೆ ಎಳೆದು ಆ ಎಳೆ ತೆಗೆಯಿರಿ. ಹಳೇ ಚರ್ಮದ ಬೆಲ್ಟಿನ ಮೇಲೆ ನಾಲ್ಕು ಸಲ ಹಿಮ್ಮುಖವಾಗಿ ಎಳೆದರೆ ಇನ್ನೂ ಒಳ್ಳೆಯದು. ಪೂರ್ತಿ ಮೊಂಡಾಗುವವರೆಗೆ ಮಾತ್ರ ಕಾಯಬೇಡಿ. ಇಂಥ ಸ್ಟೀಲ್ ಒಮ್ಮೆ ಮೊಂಡಾದರೆ ಮತ್ತೆ ಎಬ್ಬಿಸುವುದು ದೊಡ್ಡ ಕೆಲಸ.

ಬೀದಿಯಲ್ಲಿ ಸೈಕಲ್ ಚಕ್ರದಲ್ಲಿ ಸಾಣೆ ಹಿಡಿಯುವವರಿಗೆ ಕೊಡುವ ಯೋಚನೆ ಬೇಡ. ಈಳಿಗೆಗೆ, ಮಚ್ಚಿಗೆ ಅವರೇ ಸರಿ. ಆದರೆ ಒಣ ಚಕ್ರದಲ್ಲಿ ಕಿಡಿ ಹಾರಿದಾಗ ತೆಳು ಅಂಚು ವಿಪರೀತ ಕಾಯುತ್ತದೆ, ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿ ಹದ ಹೋಗಿರುತ್ತದೆ. ಆ ಭಾಗವನ್ನು ಉಜ್ಜಿ ತೆಗೆಯದೆ ಬೇರೆ ದಾರಿ ಇಲ್ಲ.

ಇಷ್ಟೆಲ್ಲ ಆದಮೇಲೂ ಪ್ಲಾಸ್ಟಿಕ್ ಹಿಡಿ ಮನಸ್ಸಿಗೆ ಒಗ್ಗದಿದ್ದರೆ ಹಿಡಿ ಬದಲಾಯಿಸಬಹುದು. ಬಗೌಟ್‌ನಂಥ ಜನಪ್ರಿಯ ಚಾಕುಗಳಿಗೆ ಮೈಕಾರ್ಟಾ (ಬಟ್ಟೆಯ ಪದರಗಳನ್ನು ಅಂಟಿನಲ್ಲಿ ಒತ್ತಿದ್ದು), ಟೈಟಾನಿಯಂ, ಜಿ10 ಹಿಡಿಗಳನ್ನು ಬೇರೆಯವರು ಮಾಡಿ ಮಾರುತ್ತಾರೆ. ಕೊಳ್ಳುವ ಮೊದಲೇ ನಿಮ್ಮ ಚಾಕು ಸ್ಕ್ರೂ ಹಾಕಿದ್ದೋ, ರಿವೆಟ್ ಹೊಡೆದದ್ದೋ ನೋಡಿಕೊಳ್ಳಿ. ರಿವೆಟ್ ಇದ್ದರೆ ಹಿಡಿ ಬದಲಾಯಿಸುವ ಮಾತು ಮರೆತುಬಿಡಿ. ಸ್ಕ್ರೂ ಇದ್ದರೆ ಸರಿಯಾದ ಅಳತೆಯ, ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ ತನ್ನಿ, ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಲ್ಲಿ ಒಂದು ಫೋಟೋ ಹೊಡೆಯಿರಿ, ವಾಷರ್‌ಗಳು ಕೆಳಗೆ ಬಿದ್ದರೆ ಸಿಗುವ ಹಾಗೆ ತಟ್ಟೆಯೊಂದನ್ನು ಅಡಿಗೆ ಇಟ್ಟುಕೊಳ್ಳಿ.