ಊರಿನವರ ರೇಟು, ನೆಂಟರ ರೇಟು

ಮಗ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಮನೆ ಮಾಡಿದ ಮೇಲೆ ಫೋನ್ ಮಾಡಿದಾಗೆಲ್ಲ ಒಂದೇ ಪಲ್ಲವಿ. "ಅಮ್ಮಾ, ಡಿಸ್ನಿಲ್ಯಾಂಡ್ ಇಲ್ಲೇ ಪಕ್ಕದಲ್ಲಿ. ಊರಿನೋರಿಗೆ ಅಂತ ಕಮ್ಮಿ ರೇಟಿನ ಟಿಕೆಟ್ ಇರತ್ತೆ. ನೀವು ಬನ್ನಿ, ಅದರಲ್ಲೇ ತೋರಿಸ್ತೀನಿ." ನಮ್ಮನೆಯವರು ಮೂವತ್ತು ವರ್ಷ ಸಹಕಾರ ಸಂಘದ ಲೆಕ್ಕ ಬರೆದವರು. ಶಿವಮೊಗ್ಗದ ವಿನೋಬನಗರದ ಮನೆಯ ಜಗಲಿಯಲ್ಲಿ ಕೂತು, "ಅವನು ಊರಿನೋನು ಸರಿ, ನಾವು ಹ್ಯಾಗೆ ಊರಿನೋರಾಗ್ತೀವಿ?" ಅಂದರು. ನಾನು ಅವರ ಬಾಯಿ ಮುಚ್ಚಿಸಿದೆ. ಮಗ ಹೇಳಿದ ಮೇಲೆ ಇನ್ನೇನು ಅಂತ.

2024ರ ಏಪ್ರಿಲ್‌ನಲ್ಲಿ ಹೋದೆವು. ಟಿಕೆಟ್ ಕೊಳ್ಳಲು ಮಗ ಲ್ಯಾಪ್‌ಟಾಪ್ ತೆಗೆದು ಕೂತಾಗ ಸಣ್ಣಕ್ಷರದಲ್ಲಿದ್ದುದನ್ನು ನಮ್ಮನೆಯವರು ಕನ್ನಡಕ ಏರಿಸಿಕೊಂಡು ಓದಿದರು. ಆ ರಿಯಾಯಿತಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರಿಗೆ. ನಮ್ಮ ಪಿನ್‌ಕೋಡಿನ ಹಾಗೆ ಅವರ ಜಿಪ್ ಕೋಡ್ 90000ದಿಂದ 93599ರ ಒಳಗಿರಬೇಕು, ಜೊತೆಗೆ ಆ ವಿಳಾಸ ಇರುವ ಸರ್ಕಾರಿ ಫೋಟೋ ಐಡಿ ತೋರಿಸಬೇಕು. ಒಬ್ಬ ಊರಿನವನು ಮನೆಮಂದಿಗೆಲ್ಲ ಸೇರಿಸಿ ಕೊಳ್ಳಬಹುದು ನಿಜ. ಆದರೆ ಆ ಟಿಕೆಟ್ಟಿನಲ್ಲಿ ಒಳಗೆ ಹೋಗುವ ದೊಡ್ಡವರೂ ಊರಿನವರೇ ಆಗಿರಬೇಕು. ಮಗನಿಗೆ ಇದು ಗೊತ್ತಿರಲೇ ಇಲ್ಲ. ಅವನೂ ಸೊಸೆಯೂ ಪ್ರತಿ ಸಲ ತಮ್ಮ ತಮ್ಮ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಹೋಗುತ್ತಿದ್ದರು, ನೆಂಟರನ್ನು ಕರೆದುಕೊಂಡು ಹೋಗಿರಲಿಲ್ಲ. ನಮ್ಮ 577204 ಆ ಲೆಕ್ಕದ ಹತ್ತಿರಕ್ಕೂ ಸುಳಿಯುವುದಿಲ್ಲ.

ಆ ವರ್ಷ ಊರಿನವರಿಗೆ ಸೋಮವಾರದಿಂದ ಗುರುವಾರದೊಳಗೆ ಬಳಸುವ ಮೂರು ದಿನದ ಟಿಕೆಟ್ 225 ಡಾಲರ್, ಅಂದರೆ ದಿನಕ್ಕೆ 75. ಹೊರಗಿನವರಿಗೆ ಒಂದು ದಿನದ ಟಿಕೆಟ್ಟಿಗೆ ತಾರೀಖಿನ ಮೇಲೆ ಬೆಲೆ. ತೀರಾ ಕಮ್ಮಿ ದಿನಕ್ಕೆ 104 ಡಾಲರ್, ಜನ ಮುಗಿಬೀಳುವ ದಿನಗಳಿಗೆ ಅದರ ಹತ್ತಿರಹತ್ತಿರ ಎರಡರಷ್ಟು. ನಮ್ಮನೆಯವರು ಡಾಲರನ್ನು ರೂಪಾಯಿ ಮಾಡಿ ಒಂದು ನಿಮಿಷ ಸುಮ್ಮನಾದರು. ಆಮೇಲೆ, "ಇಬ್ಬರ ದುಡ್ಡಲ್ಲಿ ಎಷ್ಟು ಅಡಿಕೆ ಸಸಿ ನೆಡಬಹುದಿತ್ತು" ಅಂದರು.

ಆಗ ಮಗನ ಗೆಳೆಯನೊಬ್ಬ ಉಪಾಯ ಹೇಳಿಕೊಟ್ಟ. ಅವನ ಮೂರು ದಿನದ ಟಿಕೆಟ್ಟಿನಲ್ಲಿ ಒಂದು ದಿನ ಮಿಕ್ಕಿದೆಯಂತೆ, ಅಂಕಲ್ ಬಳಸಿಕೊಳ್ಳಲಿ ಅಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಮೊದಲ ಸಲ ಒಳಗೆ ಹೋಗುವಾಗ ಗೇಟಿನಲ್ಲಿ ಫೋಟೋ ತೆಗೆದಿರುತ್ತಾರೆ, ಒಬ್ಬರ ಟಿಕೆಟ್ ಇನ್ನೊಬ್ಬರಿಗೆ ನಡೆಯುವುದಿಲ್ಲ. ಮೂವತ್ತರ ಹುಡುಗನ ಫೋಟೋದ ಎದುರು ಅರವತ್ತಾರರ ಬೋಳುತಲೆ ನಿಂತರೆ ಹ್ಯಾಗಿರುತ್ತದೆ ಅಂತ ಯೋಚಿಸಿ ನಾನು ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ತಮಾಷೆ ಬಿಡಿ, ವೀಸಾ ಮೇಲೆ ಹೋದವರು ಇಂಥದ್ದಕ್ಕೆ ಕೈಹಾಕಬಾರದು. ಉಳಿಯುವುದು ಐದಾರು ಸಾವಿರ, ಹೋಗುವುದು ಮಾನ.

ಕೊನೆಗೆ ನಾವು ಮಾಡಿದ್ದು ಇಷ್ಟು. ಮಗ ಸೊಸೆ ತಮಗೆ ಊರಿನವರ ಮೂರು ದಿನದ ಟಿಕೆಟ್ ತೆಗೆದುಕೊಂಡರು. ನಮಗೆ ಕ್ಯಾಲೆಂಡರಿನಲ್ಲಿ ಬೆಲೆ ಇಳಿದಿದ್ದ ಒಂದು ಮಂಗಳವಾರ ಹುಡುಕಿ, ಒಂದೇ ದಿನದ ಸಾದಾ ಟಿಕೆಟ್. ಅವರ ಮೂರು ದಿನದಲ್ಲಿ ಒಂದು ದಿನ ನಮ್ಮ ಜೊತೆ, ಉಳಿದೆರಡು ದಿನ ಆಮೇಲೆ ಅವರೇ ಹೋಗಿಬಂದರು. ಮೊಮ್ಮಗನಿಗೆ ಆಗ ನಾಲ್ಕು ತುಂಬಿತ್ತು, ಮೂರರಿಂದ ಒಂಬತ್ತರವರೆಗೆ ಮಕ್ಕಳ ಟಿಕೆಟ್. ಮೂರರೊಳಗಿನ ಕೂಸಿಗೆ ಟಿಕೆಟ್ಟೇ ಬೇಡ.

ನಿಜವಾಗಿ ದುಡ್ಡು ಉಳಿದದ್ದು ಊಟದಲ್ಲಿ. ಅಲ್ಲಿಗೆ ನಮ್ಮ ತಿಂಡಿ ನಾವು ಒಯ್ಯಬಹುದು. ಬೆಳಿಗ್ಗೆ ಐದಕ್ಕೆದ್ದು ಚಿತ್ರಾನ್ನ ಕಲಸಿ, ಚಪಾತಿ ಸುತ್ತಿ, ಊರಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಹಾರ್ಲಿಕ್ಸ್ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದ ತಳಕ್ಕಿಟ್ಟೆ. ಗೇಟಿನಲ್ಲಿ ಚೀಲ ನೋಡುವ ಹುಡುಗಿ ಟವೆಲ್ ಬಿಚ್ಚಿದಳು. ಗಾಜು ಒಳಗೆ ಬಿಡುವುದಿಲ್ಲ. ನಿಯಮ ಬರೆದೇ ಇದೆ, ಓದದೆ ಇದ್ದವಳು ನಾನು. ಅವಳು ಕೈಯಲ್ಲಿ ಬಾಟಲಿ ಹಿಡಿದು ತಿರುಗಿಸಿ ನೋಡುತ್ತಿದ್ದಾಳೆ, ಒಳಗೆ ಕೆಂಪು ರಸದಲ್ಲಿ ಮಿಡಿಗಳು ಮೇಲೆ ಕೆಳಗೆ ಆಡುತ್ತಿವೆ, ಹಿಂದೆ ಸಾಲು ಬೆಳೆಯುತ್ತಿದೆ. ನಮ್ಮನೆಯವರು ಎಷ್ಟೋ ದೂರದವರ ಹಾಗೆ ಆಕಾಶ ನೋಡುತ್ತ ನಿಂತರು! ಸೊಸೆ ಮಗುವಿನ ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಿ ಖಾಲಿ ಮಾಡಿದಳು, ಅಲ್ಲೇ ಪಕ್ಕಕ್ಕೆ ನಿಂತು ಮಿಡಿ ವರ್ಗಾಯಿಸಿದೆ. ಸಂಜೆಯವರೆಗೂ ನನ್ನ ಬೆರಳೆಲ್ಲ ಇಂಗು, ಸಾಸಿವೆ ವಾಸನೆ.

ಆ ಪ್ರವಾಸದಲ್ಲಿ ಸೊಸೆ ಇನ್ನೊಂದು ಕೆಲಸ ಮಾಡಿದಳು, ಅದು ನನ್ನ ತಲೆಯಲ್ಲಿ ಉಳಿಯಿತು. ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಇದ್ದರೆ ಪುಸ್ತಕದ ಹಾಗೇ ಸ್ಟೇಟ್ ಪಾರ್ಕಿನ ಪಾಸನ್ನೂ ಎರವಲು ಕೊಡುತ್ತಾರೆ. ಪಾಸು ಗಾಡಿಗೆ. ಒಂಬತ್ತು ಜನರೊಳಗೆ ಹಿಡಿಸುವ ಒಂದು ಗಾಡಿ, ಒಳಗೆ ಕೂತವರು ಯಾವ ಊರು ಅಂತ ಕೇಳುವುದಿಲ್ಲ. ಆ ಪಾಸಿನಲ್ಲಿ ಸಮುದ್ರದಂಡೆಯ ಪಾರ್ಕಿನಲ್ಲಿ ಇಡೀ ದಿನ ಕಳೆದೆವು, ಖರ್ಚು ಪೆಟ್ರೋಲಿನದ್ದು ಮಾತ್ರ. ಡಿಸ್ನಿಗಿಂತ ಅದೇ ನನಗೆ ಹಿಡಿಸಿತು ಅಂದರೆ ಮೊಮ್ಮಗ ಜಗಳಕ್ಕೆ ಬರುತ್ತಾನೆ.

ಆಗ ಹೊಳೆದದ್ದು ಇದು: ರಿಯಾಯಿತಿ ಕೆಲವು ಆಳಿಗೆ ಅಂಟಿಕೊಂಡಿರುತ್ತವೆ, ಕೆಲವು ಗಾಡಿಗೆ, ಕೆಲವು ದಿನಕ್ಕೆ. ಆಳಿಗೆ ಅಂಟಿದ್ದು ನೆಂಟರಿಗೆ ದಾಟುವುದಿಲ್ಲ, ಉಳಿದೆರಡು ದಾಟುತ್ತವೆ. ನೆಂಟರನ್ನು ಕರೆಯುವ ಮೊದಲೇ ಇದನ್ನು ಕೇಳಿ ತಿಳಿದುಕೊಂಡರೆ ಗೇಟಿನಲ್ಲಿ ಮುಖ ಸಪ್ಪೆ ಮಾಡಿಕೊಳ್ಳುವುದು ತಪ್ಪುತ್ತದೆ. ಲೆಕ್ಕವೂ ವರ್ಷವರ್ಷ ಬದಲಾಗುತ್ತದೆ. ನಾವು ಹೋದಾಗ ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು ಯಾರಿಗಾದರೂ 80 ಡಾಲರ್ ಇತ್ತು. 2026ರ ಜನವರಿ 1ರಿಂದ ಆ ದೇಶದಲ್ಲಿ ನೆಲೆಸಿದವರಿಗೆ 80, ಹೊರಗಿನವರಿಗೆ 250.

2025ರ ಡಿಸೆಂಬರ್‌ನಲ್ಲಿ ಸರದಿ ನಮ್ಮದು. ಮಗ, ಸೊಸೆ, ಮೊಮ್ಮಗ, ಜೊತೆಗೆ ಮುಂಬೈ ಪಕ್ಕದ ಡೊಂಬಿವ್ಲಿಯಿಂದ ಬೀಗರು ಇಬ್ಬರು. ಮಳೆಗಾಲ ಮುಗಿಯುವುದರೊಳಗೆ ಬನ್ನಿ, ಡಿಸೆಂಬರಿನ ಜೋಗ ಅಂದರೆ ಬಂಡೆ ನೋಡಿದ ಹಾಗೆ ಅಂತ ಬಡಕೊಂಡಿದ್ದೆ. ಅವರಿಗೆ ರಜೆ ಸಿಗುವುದು ಆಗಲೇ. ಇರಲಿ.

ಸೊಸೆ ಮೊಮ್ಮಗ ಅಮೆರಿಕದ ಪಾಸ್‌ಪೋರ್ಟಿನವರು, ಆದರೆ ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ನಮ್ಮ ಸರ್ಕಾರ ಕೊಡುವ ಓಸಿಐ ಕಾರ್ಡ್ ಇದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ: ಓಸಿಐ ಇದ್ದವರಿಗೆ ರಾಷ್ಟ್ರೀಯ ಉದ್ಯಾನ, ವನ್ಯಧಾಮ, ಸ್ಮಾರಕ, ವಸ್ತುಸಂಗ್ರಹಾಲಯಗಳಲ್ಲಿ ಭಾರತೀಯರ ಪ್ರವೇಶ ದರವೇ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ನಮಗೆ 25 ರೂಪಾಯಿ ಇರುವ ಕಡೆ ವಿದೇಶಿಯರಿಗೆ 300, ನಮಗೆ 40 ಇರುವ ಕಡೆ ಅವರಿಗೆ 600. ಹದಿನೈದರೊಳಗಿನ ಮಕ್ಕಳಿಗೆ ಯಾವ ದೇಶದವರಾದರೂ ಪುಕ್ಕಟೆ. ಹಾಗಾಗಿ ಮೊಮ್ಮಗನ ಚಿಂತೆ ಇಲ್ಲ, ಸೊಸೆಯದ್ದು ನೋಡಿಕೊಂಡರೆ ಆಯಿತು. ಇಷ್ಟೆಲ್ಲ ಓದಿ ಎಲ್ಲರಿಗೂ ಪಾಠ ಹೇಳಿ, ಒಂದು ಹಳೆಯ ಕೋಟೆಯ ಕೌಂಟರಿನ ಮುಂದೆ ನಿಂತಾಗ ಕಾರ್ಡ್ ಎಲ್ಲಿ? ಕಳೆದುಹೋದೀತು ಅಂತ ಹಿಂದಿನ ರಾತ್ರಿ ನಾನೇ ಗಾದ್ರೇಜ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಬೀಗದಕೈ ನನ್ನ ಸೊಂಟದಲ್ಲಿ, ಕಾರ್ಡ್ ಶಿವಮೊಗ್ಗದಲ್ಲಿ. ಫೋನಿನ ಫೋಟೋ ನಡೆಯಲಿಲ್ಲ. 275 ರೂಪಾಯಿ ಹೆಚ್ಚಿಗೆ ಕಟ್ಟಿದೆವು. "ಅಡಿಕೆ ಸಸಿ" ಅಂದರು ನಮ್ಮನೆಯವರು. ಅಷ್ಟೇ ಅಂದರು.

ದಿನಕ್ಕೆ ಅಂಟಿದ್ದರಲ್ಲಿ ಮಾತ್ರ ನಾನು ಗೆದ್ದೆ. ಮಂಗಳವಾರ ತ್ಯಾವರೆಕೊಪ್ಪದ ಹುಲಿ-ಸಿಂಹದ ಸಫಾರಿಗೆ ರಜೆ, ಆದ್ದರಿಂದ ಅಲ್ಲಿಗೆ ಬುಧವಾರ. ಸಕ್ರೆಬೈಲಿನ ಆನೆ ಬಿಡಾರಕ್ಕೆ ಭಾನುವಾರ ಬೇಡವೇ ಬೇಡ ಅಂತ ಹಟ ಹಿಡಿದು ವಾರದ ನಡುವೆ ಬೆಳಿಗ್ಗೆಯೇ ಎಬ್ಬಿಸಿ ಕರೆದೊಯ್ದೆ. ತುಂಗೆಯ ಹಿನ್ನೀರಿನಲ್ಲಿ ಮಾವುತರು ಆನೆಗಳ ಬೆನ್ನು ತಿಕ್ಕುತ್ತಿದ್ದರು, ಮೊಮ್ಮಗ ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತವನು ಒಂದು ಗಂಟೆ ಏಳಲಿಲ್ಲ. ಬೆಂಗಳೂರಿನಿಂದ ವಾಪಸು ಹೊರಡುವ ಮುಂಚೆ ಬಿಡದಿಯ ವಂಡರ್‌ಲಾಕ್ಕೂ ಹೋದರು. ಅಲ್ಲಿ ಮಕ್ಕಳಿಗೆ ಊರಲ್ಲ, ವಯಸ್ಸೂ ಅಲ್ಲ, ಎತ್ತರದ ಲೆಕ್ಕ. 85 ಸೆಂಟಿಮೀಟರ್ ಒಳಗಿದ್ದರೆ ಪುಕ್ಕಟೆ, 140ರವರೆಗೆ ಮಕ್ಕಳ ಟಿಕೆಟ್. ಜೊತೆಗಿದ್ದ ನನ್ನ ತಂಗಿಯ ಮಗಳಿಗೆ ಕಾಲೇಜಿನ ಐಡಿಗೆ ರಿಯಾಯಿತಿ ಸಿಕ್ಕಿತು, ಅವಳೊಬ್ಬಳಿಗೇ.

ಇನ್ನು ಬಸ್ಸಿನ ಕತೆ. ಸಾಗರಕ್ಕೆ ಹೊರಟ ದಿನ ಕಾರಿನಲ್ಲಿ ಎಲ್ಲರೂ ಹಿಡಿಸಲಿಲ್ಲ. ನಾನೂ ಬೀಗಿತ್ತಿಯೂ ಬಸ್ಸಿನಲ್ಲಿ ಬರುತ್ತೇವೆ ಅಂದೆವು. ನಮ್ಮ ಕಡೆ ಖಾಸಗಿ ಬಸ್ಸುಗಳೇ ಜಾಸ್ತಿ, ಅವುಗಳಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ನನಗೆ ಪುಕ್ಕಟೆಯ ಆಸೆ, ಎರಡು ಖಾಸಗಿ ಬಸ್ ಬಿಟ್ಟು ಕೆಂಪು ಬಸ್ಸಿಗೇ ಕಾದೆ. ಪಕ್ಕದ ಮನೆಯಾಕೆ ಹಿಂದಿನ ದಿನವೇ ತನ್ನ ಆಧಾರ್ ಕಾರ್ಡ್ ತಂದುಕೊಟ್ಟಿದ್ದರು. "ನಿಮ್ಮ ಬೀಗಿತ್ತಿಗೆ ಕೊಡಿ, ಮುಖ ಯಾರು ನೋಡ್ತಾರೆ?" ನಾನು ಕಾಫಿ ಕೊಟ್ಟು ಕಾರ್ಡನ್ನೂ ಹಿಂದಕ್ಕೆ ಕೊಟ್ಟೆ. ಹಾರ್ಲಿಕ್ಸ್ ಬಾಟಲಿ ಒಂದೇ ಸಾಕಾಗಿತ್ತು.

ನಮ್ಮ ಬೀಗಿತ್ತಿ ಹುಟ್ಟಿದ್ದು ಇಲ್ಲೇ, ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಲಿಂಗನಮಕ್ಕಿ ಆಣೆಕಟ್ಟಿನ ನೀರು ಬಂದಾಗ ಮನೆ, ಗದ್ದೆ, ತೋಟ ಎಲ್ಲ ಮುಳುಗಿ, ಅವರಪ್ಪ ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದವರು ತಿರುಗಿ ಬರಲಿಲ್ಲ. ಈಗಲೂ ಮಾತಾಡಿದರೆ ನನ್ನ ಅಜ್ಜಿ ಮಾತಾಡಿದ ಹಾಗಿರುತ್ತದೆ. ಕಂಡಕ್ಟರ್ ಬಂದ. ನಾನು ಆಧಾರ್ ತೋರಿಸಿದೆ, ಸೊನ್ನೆ ಟಿಕೆಟ್ ಹರಿದುಕೊಟ್ಟ.

"ಎಲ್ಲಿಯೋರಮ್ಮ?" ಅಂದ ಬೀಗಿತ್ತಿಗೆ.

"ಇಲ್ಲಿಯೋಳೇ ಮಾರಾಯ" ಅಂತ ಕಾರ್ಡ್ ಮುಂದೆ ಮಾಡಿದರು.

ಅವನು ತಿರುಗಿಸಿ ವಿಳಾಸ ನೋಡಿದ. "ಇದು ಮಹಾರಾಷ್ಟ್ರದ್ದು. ನಮ್ಮಲ್ಲಿ ಕರ್ನಾಟಕದ ವಿಳಾಸ ಇರಬೇಕು. ಟಿಕೆಟ್ ತಗೋಬೇಕಾಗತ್ತೆ ಅಮ್ಮ." ಗೌರವದಿಂದಲೇ ಹೇಳಿದ, ತಪ್ಪೇನಿಲ್ಲ ಅವನದು.

"ನಮ್ಮಲ್ಲಿ ಎಸ್‌ಟಿ ಬಸ್ಸಲ್ಲಿ ಹೆಂಗಸರಿಗೆ ಅರ್ಧ" ಅಂದರು ಬೀಗಿತ್ತಿ. ಅದೂ ನಿಜ, ಅಲ್ಲಿ 2023ರ ಮಾರ್ಚಿನಲ್ಲೇ ಶುರುವಾಯಿತು, ನಮ್ಮ ಶಕ್ತಿ ಬಂದದ್ದು ಅದೇ ವರ್ಷದ ಜೂನ್ 11ಕ್ಕೆ. "ಅರ್ಧ ಇಲ್ವಾ ಹಂಗಾರೆ?"

"ಇಲ್ಲಮ್ಮ."

ಪೂರ್ತಿ ದುಡ್ಡು ಕೊಟ್ಟರು. ನಾನು ಕೊಡುತ್ತೇನೆ ಅಂದರೂ ಕೇಳಲಿಲ್ಲ. ಆಮೇಲೆ ನನ್ನ ಕೈಯಲ್ಲಿದ್ದ ಸೊನ್ನೆ ಟಿಕೆಟ್ಟನ್ನೂ ಇಸಿದುಕೊಂಡು, ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ ಪರ್ಸಿನೊಳಗೆ ಹಾಕಿಕೊಂಡರು. ಚೆಕಿಂಗ್ ಬಂದರೆ ನನ್ನದು ಬೇಕಲ್ಲ ಅಂದೆ. "ಬಂದಾಗ ಕೊಡ್ತೀನಿ" ಅಂದು ಕಿಟಕಿಯ ಕಡೆ ತಿರುಗಿದರು. ಆನಂದಪುರ ದಾಟುವವರೆಗೂ ಚೆಕಿಂಗಿನವರು ಹತ್ತಲಿಲ್ಲ.